ಡಬಲ್ ಗ್ಲೇಜಿಂಗ್ ಇದ್ದರೂ ಚಳಿಗಾಳಿ: ಬ್ರಿಟನ್ನಿಗೆ ಹೊಸದಾಗಿ ಬಂದವರಿಗೆ

ಇಲ್ಲಿಗೆ ಬಂದು ಮೊದಲ ನವೆಂಬರ್ ಹೊತ್ತಿಗೆ ನಮ್ಮವರು ಕೇಳುವ ಪ್ರಶ್ನೆ ಇದು: "ಡಬಲ್ ಗ್ಲೇಜಿಂಗ್ ಇದೆ ಅಂತ ಹೇಳಿಯೇ ಮನೆ ಕೊಟ್ಟರು, ಹೀಟಿಂಗ್ ಹಾಕಿದರೂ ಕಿಟಕಿ ಪಕ್ಕ ಕೂರೋಕಾಗಲ್ಲ, ಯಾಕೆ?" ಡಬಲ್ ಗ್ಲೇಜಿಂಗ್ ಅಂದರೆ ಒಂದೇ ಕಿಟಕಿಗೆ ಎರಡು ಪದರ ಗಾಜು. ತಪ್ಪು ಸಾಮಾನ್ಯವಾಗಿ ಗಾಜಿನದಲ್ಲ. ಕಿಟಕಿಯ ತೆರೆಯುವ ಬಾಗಿಲು ಚೌಕಟ್ಟಿಗೆ ಒತ್ತಿ ಕೂರದಿದ್ದರೆ ಆ ಸಂದಿಯಿಂದ ಗಾಳಿ ನುಗ್ಗುತ್ತದೆ. ಹಾಗಾಗಿ ಸಂದಿಗೆ ಅಂಟಿಸುವ ಫೋಮ್ ಟೇಪ್ ತರಲು ಅಂಗಡಿಗೆ ಓಡಬೇಡಿ. ಮೊದಲು ಎಲ್ಲಿಂದ ಬರುತ್ತಿದೆ ಅಂತ ಪತ್ತೆ ಮಾಡಿ.

ಅದಕ್ಕೆ ಒಂದು ಊದುಬತ್ತಿ ಸಾಕು. ಗಾಳಿ ಜೋರಾಗಿರುವ ದಿನ ನೋಡಿಕೊಂಡು, ಪರದೆ ಪೂರ್ತಿ ಸರಿಸಿ, ಚೌಕಟ್ಟಿನ ಸುತ್ತ ನಿಧಾನವಾಗಿ ಹಿಡಿಯಿರಿ. (ಸ್ಮೋಕ್ ಅಲಾರಂ ಕೆಳಗೆ ನಿಲ್ಲಬೇಡಿ, ಇಡೀ ಬೀದಿಗೆ ಗೊತ್ತಾಗುತ್ತದೆ.) ಹೊಗೆ ಸರ್ರನೆ ಒಳಕ್ಕೆ ತಿರುಗಿದ ಕಡೆ ಸಂದಿ ಇದೆ. ಹೊಗೆ ಗಾಜಿನ ಮುಂದೆ ಮೆಲ್ಲಗೆ ಕೆಳಗಿಳಿದರೆ ಅದು ಸಂದಿಯಲ್ಲ, ಕೋಣೆಯ ಗಾಳಿಯೇ ಗಾಜಿಗೆ ತಾಗಿ ತಣ್ಣಗಾಗಿ ಇಳಿಯುತ್ತಿದೆ. ಅದಕ್ಕೆ ದಪ್ಪ ಪರದೆ ಹಾಕಿ, ರಿಪೇರಿ ಬೇಕಿಲ್ಲ. ಇನ್ನೊಂದು ಪರೀಕ್ಷೆ: ಬಾಗಿಲಿಗೂ ಚೌಕಟ್ಟಿಗೂ ನಡುವೆ ಕಾಗದದ ಚೂರು ಇಟ್ಟು ಹ್ಯಾಂಡಲ್ ಹಾಕಿ ಎಳೆಯಿರಿ. ಸುಮ್ನೆ ಜಾರಿ ಬಂದರೆ ಅಲ್ಲಿ ಬಿಗಿ ಇಲ್ಲ.

ಹೊಸಬರ ಮನೆಯಲ್ಲಿ ನಾನು ಮೊದಲು ನೋಡುವುದು ನೈಟ್ ವೆಂಟ್. ಇಲ್ಲಿನ ಅನೇಕ ಯುಪಿವಿಸಿ (ಗಟ್ಟಿ ಪ್ಲಾಸ್ಟಿಕ್) ಕಿಟಕಿಗಳಲ್ಲಿ ಬೀಗ ಎರಡು ಹಂತದಲ್ಲಿ ಕೂರುತ್ತದೆ. ಒಂದರಲ್ಲಿ ಪೂರ್ತಿ ಮುಚ್ಚುತ್ತದೆ. ಇನ್ನೊಂದರಲ್ಲಿ ಬೀಗ ಬಿದ್ದಿದ್ದರೂ ಗಾಳಿಯಾಡಲಿ ಅಂತ ಸ್ವಲ್ಪ ಸಂದಿ ಉಳಿಯುತ್ತದೆ, ಅದೇ ನೈಟ್ ವೆಂಟ್. ಹ್ಯಾಂಡಲ್ ತಿರುಗಿತು ಅಂದಮಾತ್ರಕ್ಕೆ ಕಿಟಕಿ ಮುಚ್ಚಿತು ಅಂತಲ್ಲ. ಬಾಗಿಲನ್ನು ಚೆನ್ನಾಗಿ ಒಳಗೆಳೆದುಕೊಂಡು ಆಮೇಲೆ ಹ್ಯಾಂಡಲ್ ತಿರುಗಿಸಿ. ಎಷ್ಟೋ ದೂರು ಇಲ್ಲಿಗೇ ಮುಗಿಯುತ್ತದೆ.

ಮುಗಿಯದಿದ್ದರೆ, ಮತ್ತು ಮನೆ ಬಾಡಿಗೆಯದಾದರೆ, ಸ್ಕ್ರೂಡ್ರೈವರ್ ಕೆಳಗಿಡಿ. ಇಂಗ್ಲೆಂಡ್‌ನಲ್ಲಿ 1985ರ ಲ್ಯಾಂಡ್‌ಲಾರ್ಡ್ ಅಂಡ್ ಟೆನೆಂಟ್ ಆಕ್ಟ್‌ನ 11ನೇ ಸೆಕ್ಷನ್ ಪ್ರಕಾರ ಕಟ್ಟಡದ ರಚನೆ ಮತ್ತು ಹೊರಭಾಗದ ರಿಪೇರಿ ಮಾಲೀಕರ ಜವಾಬ್ದಾರಿ. ಕೆಟ್ಟ ಕಿಟಕಿ ಸಾಮಾನ್ಯವಾಗಿ ಇದರಲ್ಲೇ ಬರುತ್ತದೆ. ಫೋನಿನಲ್ಲಿ ಹೇಳಿ ಸುಮ್ಮನಾಗಬೇಡಿ, ಇಮೇಲ್ ಹಾಕಿ. "ಮನೆ ತುಂಬಾ ಚಳಿ" ಅಂತ ಬರೆದರೆ ಹೀಟಿಂಗ್ ಹಾಕಿಕೊಳ್ಳಿ ಅಂತ ಉತ್ತರ ಬರುತ್ತದೆ. ಯಾವ ಕೋಣೆ, ಯಾವ ಕಿಟಕಿ, ಎಲ್ಲಿ ಕೂರುತ್ತಿಲ್ಲ ಅಂತ ಬರೆದು ಫೋಟೋ ಸೇರಿಸಿ. ನಮ್ಮವರಿಗೆ ಸಂಕೋಚ ಜಾಸ್ತಿ. ಇದರಲ್ಲಿ ಸಂಕೋಚ ಬೇಡ.

ಸ್ವಂತ ಮನೆಯಾದರೆ ಕಿಟಕಿ ತೆರೆದು ಬಾಗಿಲಿನ ಅಂಚನ್ನು ನೋಡಿ. ಉದ್ದಕ್ಕೆ ಒಂದು ಸ್ಟೀಲ್ ಪಟ್ಟಿ, ಅದರ ಮೇಲೆ ಪುಟ್ಟ ಅಣಬೆಯಂಥ ಗುಂಡಿಗಳು ಕಾಣುತ್ತವೆ. ಹ್ಯಾಂಡಲ್ ತಿರುಗಿಸಿದರೆ ಅವು ಜಾರಿ ಹೋಗಿ ಚೌಕಟ್ಟಿನಲ್ಲಿರುವ ಕೊಕ್ಕೆ ಹಿಡಿದುಕೊಳ್ಳುತ್ತವೆ. ಅನೇಕ ಗುಂಡಿಗಳ ತಲೆಯಲ್ಲಿ ಅಲೆನ್ ಕೀ (ಆರು ಮೂಲೆಯ ಬಾಗಿದ ಕೀಲಿ) ಹಾಕುವ ತೂತು ಇರುತ್ತದೆ, ಹೆಚ್ಚಾಗಿ 4 ಮಿಲಿಮೀಟರಿನದು. ಗುಂಡಿಯ ಅಚ್ಚು ನಟ್ಟನಡುವೆ ಇರುವುದಿಲ್ಲ, ಒಂದು ಬದಿಗೆ ಸರಿದಿರುತ್ತದೆ. ಹಾಗಾಗಿ ತಿರುಗಿಸಿದರೆ ಬಾಗಿಲು ಚೌಕಟ್ಟಿಗೆ ಹತ್ತಿರ ಬರುತ್ತದೆ ಅಥವಾ ದೂರ ಹೋಗುತ್ತದೆ. ಸ್ವಲ್ಪವೇ ತಿರುಗಿಸಿ, ಮುಚ್ಚಿ, ಕಾಗದ ಎಳೆದು ನೋಡಿ. ಎಲ್ಲ ಗುಂಡಿಗಳನ್ನೂ ಒಂದೇ ಅಳತೆಗೆ ತನ್ನಿ. ಹ್ಯಾಂಡಲ್ ಹಾಕಲು ಎರಡು ಕೈ ಬೇಕಾಯಿತು ಅಂದರೆ ಬಿಗಿ ಜಾಸ್ತಿ ಆಯಿತು, ಹಿಂದಕ್ಕೆ ಬನ್ನಿ. ತಿರುಗದ ಗುಂಡಿಗಳೂ ಇವೆ, ಅವುಗಳ ಜೊತೆ ಜಗಳ ಬೇಡ.

ಹ್ಯಾಂಡಲ್ ಕಡೆ ಬಿಗಿ ಇದ್ದು ಹಿಂಜ್ ಕಡೆ ಗಾಳಿ ಬರುತ್ತಿದ್ದರೆ ಗುಂಡಿ ತಿರುಗಿಸಿ ಪ್ರಯೋಜನವಿಲ್ಲ. ಇಲ್ಲಿನದು ಊರಿನ ಮರದ ಕಿಟಕಿಯ ಹಿಂಜಿನಂತಲ್ಲ, ಜಾರುವ ಸ್ಟೀಲ್ ತೋಳು. ಫ್ರಿಕ್ಷನ್ ಸ್ಟೇ ಅಂತ ಕೇಳಿ. ಮೊದಲು ಅದು ಜಾರುವ ಹಳಿಯ ಕೊಳೆಯನ್ನು ಹಳೇ ಟೂತ್‌ಬ್ರಷ್‌ನಿಂದ ತೆಗೆದು ಸಿಲಿಕೋನ್ ಸ್ಪ್ರೇ ಹೊಡೆಯಿರಿ. ಸವೆದಿದ್ದರೆ ಜೋಡಿಯಾಗಿ ಬದಲಿಸಬೇಕು. ಸ್ಕ್ರೂಫಿಕ್ಸ್, ಟೂಲ್‌ಸ್ಟೇಷನ್‌ನಂಥ ಹಾರ್ಡ್‌ವೇರ್ ಅಂಗಡಿಗಳಲ್ಲಿ ಸಿಗುತ್ತದೆ. ಹಿಂಜಿನ ಉದ್ದ ಮತ್ತು ಮಡಚಿದಾಗಿನ ದಪ್ಪ, ಅಂದರೆ ಸ್ಟ್ಯಾಕ್ ಹೈಟ್, ಹಳೆಯದಕ್ಕೆ ಸರಿಹೊಂದಬೇಕು. ದಪ್ಪ ಹೆಚ್ಚಾಗಿ 13 ಅಥವಾ 17 ಮಿಲಿಮೀಟರ್ ಇರುತ್ತದೆ. ಬೆಂಕಿ ಬಿದ್ದರೆ ತಪ್ಪಿಸಿಕೊಂಡು ಹೋಗಲು ಅಗಲಕ್ಕೆ ತೆರೆಯುವ ಎಸ್ಕೇಪ್ ಹಿಂಜ್ ಇದ್ದರೆ ಅದರ ಜಾಗಕ್ಕೆ ಅದನ್ನೇ ಹಾಕಿ. ಮಹಡಿ ಕಿಟಕಿಯಾದರೆ ಈ ಕೆಲಸ ಒಬ್ಬರೇ ಮಾಡಬೇಡಿ. ಸ್ಕ್ರೂ ಬಿಚ್ಚಿದ ಮೇಲೆ ಗಾಜಿನ ಬಾಗಿಲಿನ ಪೂರ್ತಿ ಭಾರ ನಿಮ್ಮ ಕೈಯಲ್ಲೇ.

ಸುತ್ತಲಿನ ರಬ್ಬರ್ ಮೂಲೆಯಲ್ಲಿ ಕುಗ್ಗಿದ್ದರೆ, ಹರಿದಿದ್ದರೆ, ಒಂದು ಚೂರು ಕತ್ತರಿಸಿ ಮಾದರಿಗೆ ಒಯ್ದು ಅದೇ ಆಕಾರದ್ದು ತನ್ನಿ. ರಬ್ಬರ್ ಇರುವಲ್ಲಿ ಅದರ ಮೇಲೆ ಫೋಮ್ ಟೇಪ್ ಅಂಟಿಸಿದರೆ ಬಾಗಿಲು ಕೂರದೆ ಹಿಂಜ್ ಮೇಲೆ ಒತ್ತಡ ಬೀಳುತ್ತದೆ.

ಎರಡು ಕಡೆ ಮಾತ್ರ ಯಾವತ್ತೂ ಸಂದಿ ಮುಚ್ಚುವ ಸಿಲಿಕೋನ್ ಬಳಿಯಬೇಡಿ. ಚೌಕಟ್ಟಿನ ಹೊರಗೆ ಕೆಳಗಡೆ ಇರುವ ಸೀಳುಗಳು ಮಳೆನೀರು ಹೊರಹೋಗಲು. ಮೇಲಿರುವ ಉದ್ದ ಸೀಳು ಟ್ರಿಕಲ್ ವೆಂಟ್, ಕೋಣೆಗೆ ಸ್ವಲ್ಪ ಸ್ವಲ್ಪವೇ ಗಾಳಿಯಾಡಲು ಇಟ್ಟದ್ದು. ಗಾಳಿ ತೀರಾ ಜೋರಿದ್ದಾಗ ಅದರ ಮುಚ್ಚಳ ಹಾಕಿಕೊಳ್ಳಿ, ಖಾಯಂ ಮುಚ್ಚಬೇಡಿ. ಬೆಳಗ್ಗೆ ಸಾಂಬಾರು ಕುದಿಯುತ್ತದೆ, ಕುಕ್ಕರ್ ಕೂಗುತ್ತದೆ, ಒದ್ದೆ ಬಟ್ಟೆ ರೇಡಿಯೇಟರ್ ಮೇಲೆ ಒಣಗುತ್ತದೆ, ಅಲ್ವಾ? ಆ ಹಬೆಗೆ ದಾರಿ ಇಲ್ಲದಿದ್ದರೆ ಬೀರುವಿನ ಹಿಂದೆ ಕಪ್ಪು ಬೂಷ್ಟು ಬರುತ್ತದೆ.

ಎರಡು ಗಾಜಿನ ಒಳಗೇ ಮಂಜು ಕಟ್ಟಿದ್ದರೆ ಅದು ಬೇರೆ ಕಾಯಿಲೆ. ಗಾಜಿನ ಅಂಚಿನ ಸೀಲ್ ಹೋಗಿದೆ, ಅಷ್ಟೇ. ಕಿಟಕಿಯನ್ನೇ ಬದಲಿಸಬೇಕು ಅಂತ ಸೇಲ್ಸ್‌ನವರು ಹೇಳಬಹುದು. ಚೌಕಟ್ಟು ಗಟ್ಟಿ ಇದ್ದರೆ ಗಾಜಿನ ಜೋಡಿ ಮಾತ್ರ ಹಾಕಿಸಿಕೊಳ್ಳಬಹುದು, ಅದಕ್ಕೆ ಬೇರೆ ಕೊಟೇಶನ್ ಕೇಳಿ. ಇಂಗ್ಲೆಂಡಿನಲ್ಲಿ ಪೂರ್ತಿ ಕಿಟಕಿಯನ್ನೇ ಹಾಕಿಸಿದರೆ ಕೆಲಸ ನಿಯಮದಂತೆ ಆಗಿದೆ ಅನ್ನುವ, ಫೆನ್ಸಾದಂಥ (ಕಿಟಕಿ ಹಾಕುವವರನ್ನು ನೋಂದಾಯಿಸುವ) ಸಂಸ್ಥೆಯ ಅಥವಾ ಕೌನ್ಸಿಲ್‌ನ ಸರ್ಟಿಫಿಕೇಟ್ ತಪ್ಪದೆ ಇಸಿದುಕೊಳ್ಳಿ. ಮನೆ ಮಾರುವಾಗ ಕೊಳ್ಳುವವರ ಸಾಲಿಸಿಟರ್ (ವಕೀಲರು) ಅದನ್ನು ಕೇಳುತ್ತಾರೆ.