ಲಾವಾ ಕಲ್ಲಿನಲ್ಲಿ ಮ್ಯಾಗ್ಮಾದ ಕತೆ ಓದುವುದು ಹೇಗೆ

ಇಡೀ ಕಲ್ಲನ್ನು ಪುಡಿ ಮಾಡಿದಾಗ ಸಿಗುವ ಸಂಯೋಜನೆಯೇ ಮ್ಯಾಗ್ಮಾದ್ದು (ನೆಲದಾಳದ ಕರಗಿದ ಕಲ್ಲಿನದು) ಎಂದು ನಂಬಿಬಿಡುವುದು ಇಲ್ಲಿ ಎಲ್ಲಕ್ಕಿಂತ ದೊಡ್ಡ ತಪ್ಪು. ಆ ಕಲ್ಲಿನಲ್ಲಿ ಆರಿ ಗಟ್ಟಿಯಾದ ದ್ರವದ ಜೊತೆ, ಮ್ಯಾಗ್ಮಾ ದಾರಿಯುದ್ದಕ್ಕೂ ಹೊತ್ತು ತಂದ ಹರಳುಗಳೂ ಇರುತ್ತವೆ.

ಕಂದು ಸಿಪ್ಪೆ, ಬಿಳಿ ಖನಿಜ ತುಂಬಿದ ಗುಳಿಗಳನ್ನೆಲ್ಲ ಒಡೆದು ತೆಗೆದು ತಾಜಾ ತಿರುಳನ್ನಷ್ಟೇ ಇಟ್ಟುಕೊಳ್ಳಿ. ಒಂದು ಚೂರಿನಿಂದ 30 ಮೈಕ್ರಾನ್ ದಪ್ಪದ, ಪಾಲಿಶ್ ಮಾಡಿದ ತೆಳುಛೇದ (ಸೂಕ್ಷ್ಮದರ್ಶಕದಲ್ಲಿ ನೋಡುವ ಕಲ್ಲಿನ ತೆಳು ಹಾಳೆ) ಮಾಡಿಸಿ. ಉಳಿದದ್ದನ್ನು ಪುಡಿ ಮಾಡಿ. ಟಂಗ್‌ಸ್ಟನ್ ಕಾರ್ಬೈಡ್ ಪಾತ್ರೆಯಲ್ಲಿ ಅರೆದರೆ ಟಂಗ್‌ಸ್ಟನ್, ಕೋಬಾಲ್ಟ್ ಪುಡಿಗೆ ಸೇರಿಕೊಳ್ಳುತ್ತವೆ. ಅಗೇಟ್ ಪಾತ್ರೆ ನಿಧಾನ, ಆದರೆ ಅದೇ ಲೇಸು. ಬಸಾಲ್ಟ್ ಪುಡಿಯನ್ನು 1000 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕಾಯಿಸಿದಾಗ ತೂಕ ಶೇ. 2ಕ್ಕಿಂತ ಹೆಚ್ಚು ಇಳಿದರೆ, ಕಲ್ಲು ಶಿಥಿಲವಾಗಿದೆಯೇ ಎಂದು ಛೇದದಲ್ಲಿ ನೋಡಿ. ಶಿಥಿಲವಾಗಿದ್ದರೆ ಸೋಡಿಯಂ, ಪೊಟ್ಯಾಸಿಯಂ ಅಂಕಿಗಳನ್ನು ನೆಚ್ಚಿಕೊಳ್ಳಬೇಡಿ.

ಪುಡಿಯ ರಾಸಾಯನಿಕ ಅಂಕಿಗಳು ಬಂದ ಮೇಲೆ, ಒಂದು ಗ್ರಾಫ್‌ನಲ್ಲಿ ಮೆಗ್ನೀಸಿಯಂ ಆಕ್ಸೈಡನ್ನು ಅಡ್ಡ ಅಕ್ಷದಲ್ಲಿಟ್ಟು ಉಳಿದ ಧಾತುಗಳನ್ನು ಗುರುತಿಸಿ. ಮೆಗ್ನೀಸಿಯಂ ಜೊತೆ ನಿಕಲ್ ಕಡಿದಾಗಿ ಇಳಿದರೆ ದ್ರವದಿಂದ ಆಲಿವೀನ್ (ಕಬ್ಬಿಣ–ಮೆಗ್ನೀಸಿಯಂನ ಹಸಿರು ಖನಿಜ) ಹರಳಾಗಿ ಬೇರ್ಪಟ್ಟಿದೆ. ಸ್ಟ್ರಾನ್ಷಿಯಂ, ಯುರೋಪಿಯಂ ಇಳಿದರೆ ಪ್ಲೇಜಿಯೋಕ್ಲೇಸ್ (ಕ್ಯಾಲ್ಸಿಯಂ–ಸೋಡಿಯಂನ ಫೆಲ್ಡ್‌ಸ್ಪಾರ್ ಖನಿಜ) ಬೇರ್ಪಟ್ಟಿದೆ.

ಈಗ ಮುಖ್ಯ ಪರೀಕ್ಷೆ. ಆಲಿವೀನ್‌ನ ಕಬ್ಬಿಣ–ಮೆಗ್ನೀಸಿಯಂ ಪರಮಾಣು ಅನುಪಾತವನ್ನು ದ್ರವದ ಅದೇ ಅನುಪಾತದಿಂದ ಭಾಗಿಸಿದರೆ ಸುಮಾರು 0.30 ಬರಬೇಕು. ದ್ರವದಲ್ಲಿ ಫೆರಸ್ (Fe²⁺) ಕಬ್ಬಿಣವನ್ನು ಮಾತ್ರ ಲೆಕ್ಕಕ್ಕೆ ಹಿಡಿಯಿರಿ. ಇಡೀ ಕಲ್ಲಿನ ಮೆಗ್ನೀಸಿಯಂ ಸಂಖ್ಯೆ (ಮೆಗ್ನೀಸಿಯಂ, ಫೆರಸ್ ಕಬ್ಬಿಣ ಎರಡರ ಪರಮಾಣುಗಳಲ್ಲಿ ಮೆಗ್ನೀಸಿಯಂನ ಶೇಕಡಾ ಪಾಲು) 75 ಎನ್ನಿ: ಅನುಪಾತ 0.333, ಅದರ 0.30 ಭಾಗ 0.10, ಅಂದರೆ ಆಲಿವೀನ್‌ನ ಫೋರ್ಸ್ಟರೈಟ್ (ಹರಳಿನಲ್ಲಿ ಮೆಗ್ನೀಸಿಯಂನ ಅದೇ ಶೇಕಡಾ ಪಾಲು) 91 ಇರಬೇಕು. ಹರಳಿನ ನಡುಭಾಗದಲ್ಲೇ 88 ಸಿಕ್ಕಿದರೆ? ಅದಕ್ಕೆ ಹೊಂದುವ ದ್ರವದ ಸಂಖ್ಯೆ ಸುಮಾರು 69. ಹೆಚ್ಚಿನ ಮೆಗ್ನೀಸಿಯಂ ಬಹುಮಟ್ಟಿಗೆ ಕೂಡಿಬಿದ್ದ ಆಲಿವೀನ್‌ನದು. ಈ ಹೊಂದಾಣಿಕೆ ನೋಡದೆ ತಾಪಮಾನ ಲೆಕ್ಕ ಹಾಕುವುದು ವ್ಯರ್ಥ.

ಮೈಕ್ರೋಪ್ರೋಬ್‌ನಲ್ಲಿ (ಎಲೆಕ್ಟ್ರಾನ್ ಕಿರಣದಿಂದ ಸಣ್ಣ ಬಿಂದುವಿನ ಸಂಯೋಜನೆ ಅಳೆಯುವ ಉಪಕರಣ) ಗಾಜನ್ನು, ಅಂದರೆ ಹರಳಾಗದೆ ಆರಿ ಗಟ್ಟಿಯಾದ ದ್ರವವನ್ನು, ಅಳೆಯುವಾಗ ಕಿರಣವನ್ನು 10 ಮೈಕ್ರಾನಿಗೆ ಹರಡಿ, ಸೋಡಿಯಂ ಮೊದಲು ಅಳೆಯಿರಿ. ಮೊನಚು ಕಿರಣದಡಿ ಸೋಡಿಯಂ ಸರಿದುಹೋಗಿ ಸಿಲಿಕಾ ಹೆಚ್ಚಿದಂತೆ ತೋರುತ್ತದೆ. ಹರಳನ್ನು ಮಾತ್ರ ಅಂಚಿನಿಂದ ನಡುವಿಗೆ ಕೆಲವೇ ಮೈಕ್ರಾನ್ ಅಂತರದಲ್ಲಿ ಅಳೆಯುತ್ತ ಹೋಗಿ. ಹೊಸ ಮ್ಯಾಗ್ಮಾ ಬಂದು ಬೆರೆತಾಗ ಆಲಿವೀನ್ ಅಂಚಿನ ಕಬ್ಬಿಣ–ಮೆಗ್ನೀಸಿಯಂ ವಿಸರಣದಿಂದ ಮಸುಕಾಗತೊಡಗುತ್ತದೆ. ಮಸುಕಿನ ಅಗಲವೇ ಗಡಿಯಾರ: ಬೆರೆತ ಮೇಲೆ ಸ್ಫೋಟಕ್ಕೆ ಹಿಡಿದ ದಿನಗಳೋ ವರ್ಷಗಳೋ ಅದರಿಂದ ಸಿಗುತ್ತವೆ. ಆದರೆ ಛೇದ ಓರೆಯಾಗಿ ಕತ್ತರಿಸಿದ್ದರೆ ಮಸುಕು ಅಗಲವಾಗಿ ಕಂಡು ಕಾಲ ಹಿಗ್ಗುತ್ತದೆ. ಆಲಿವೀನ್ ಹರಳಿನ ಸಿ–ಅಕ್ಷದ ಗುಂಟ ವಿಸರಣ ಉಳಿದ ಅಕ್ಷಗಳಿಗಿಂತ ಸುಮಾರು ಆರು ಪಟ್ಟು ವೇಗ. ಹರಳಿನ ದಿಕ್ಕು ತಿಳಿಯದೆ ಕಾಲ ಹೇಳಲಾಗದು.

ಆಳ ಬೇಕಿದ್ದರೆ ಹರಳೊಳಗೆ ಸಿಕ್ಕಿಬಿದ್ದ ಗಾಜಿನ ಹನಿಗಳಲ್ಲಿ ನೀರು, ಇಂಗಾಲದ ಡೈಆಕ್ಸೈಡ್ ಅಳೆಯಿರಿ. ಅವು ಕರಗಿದ ಪ್ರಮಾಣ ಒತ್ತಡ ಹೇಳುತ್ತದೆ. 100 ಮೆಗಾಪ್ಯಾಸ್ಕಲ್ ಎಂದರೆ ಸುಮಾರು 3.5ರಿಂದ 4 ಕಿ.ಮೀ. ಹನಿಯಲ್ಲಿ ಗುಳ್ಳೆ ಇದ್ದರೆ ಅದನ್ನೂ ರಾಮನ್ ಉಪಕರಣದಲ್ಲಿ (ಚದುರಿದ ಲೇಸರ್ ಬೆಳಕಿನಿಂದ ಅಣುಗಳನ್ನು ಗುರುತಿಸುವುದು) ನೋಡಿ. ಡೈಆಕ್ಸೈಡಿನ ಬಹುಪಾಲು ಅಲ್ಲೇ ಅಡಗಿರಬಹುದು. ಬಿಟ್ಟರೆ ಮ್ಯಾಗ್ಮಾ ತಂಗಿದ್ದ ಕೊಠಡಿ ನಿಜಕ್ಕಿಂತ ಮೇಲಿದ್ದಂತೆ ಲೆಕ್ಕ ಬರುತ್ತದೆ.