ರಿಪೇರಿಯ ನಂತರ ಸ್ಪೋರ್ಟ್ಸ್ ಕಾರಿನ ವೀಲ್ ಅಲೈನ್‌ಮೆಂಟ್ ಕೆಟ್ಟಿದ್ದರೆ ಮೂಲ ದೋಷವನ್ನು ಹುಡುಕುವ ಬಗೆ

ಸಸ್ಪೆನ್ಷನ್ ಕೆಲಸವೋ ಅಪಘಾತದ ರಿಪೇರಿಯೋ ಮುಗಿದ ಮೇಲೆ ಸ್ಪೋರ್ಟ್ಸ್ ಕಾರು ನೇರ ರಸ್ತೆಯಲ್ಲಿ ಒಂದು ಕಡೆಗೆ ಎಳೆಯತೊಡಗಿದರೆ, ಸ್ಟೀರಿಂಗ್ ಓರೆಯಾಗಿ ನಿಂತರೆ, ಅಥವಾ ಟೈರಿನ ಒಳಅಂಚು ಬೇಗನೆ ಸವೆಯತೊಡಗಿದರೆ, ಹೆಚ್ಚಿನವರು ಮೊದಲು ಮಾಡುವ ಕೆಲಸವೆಂದರೆ ಮತ್ತೊಮ್ಮೆ ಅಲೈನ್‌ಮೆಂಟ್ ಮಾಡಿಸುವುದು. ಕೆಲವೊಮ್ಮೆ ಅಷ್ಟೇ ಸಾಕಾಗುತ್ತದೆ. ಆದರೆ ಅಲೈನ್‌ಮೆಂಟ್ ಯಂತ್ರವು ಚಕ್ರದ ಕೋನವನ್ನು ಅಳೆಯುತ್ತದೆಯೇ ಹೊರತು ಆ ಕೋನ ಏಕೆ ಕೆಟ್ಟಿತೆಂಬುದನ್ನು ತಿಳಿಸುವುದಿಲ್ಲ. ಲೋವರ್ ಆರ್ಮ್ (ಚಕ್ರವನ್ನು ಕೆಳಗಿನಿಂದ ಹಿಡಿದಿರುವ ತೋಳು) ಬಾಗಿದ್ದರೂ, ಸಬ್‌ಫ್ರೇಮ್ (ಸಸ್ಪೆನ್ಷನ್ ಭಾಗಗಳು ಕೂರುವ ಉಪಚೌಕಟ್ಟು) ಜರುಗಿದ್ದರೂ, ಬುಶ್ (ಕೀಲುಗಳಲ್ಲಿರುವ ರಬ್ಬರ್ ಮೆತ್ತೆ) ತಿರುಚಿಕೊಂಡಿದ್ದರೂ ಅಡ್ಜಸ್ಟರ್‌ಗಳನ್ನು ತಿರುಗಿಸಿ ವರದಿಯ ಅಂಕಿಗಳನ್ನೆಲ್ಲ ಹಸಿರು ಬಣ್ಣಕ್ಕೆ, ಅಂದರೆ ಮಿತಿಯೊಳಕ್ಕೆ, ತರಲು ಸಾಧ್ಯ. ಅದರಿಂದ ಕಾರು ಮಾತ್ರ ಸರಿಹೋಗುವುದಿಲ್ಲ. ಆದ್ದರಿಂದ ಹುಡುಕಾಟವು ಯಂತ್ರದಿಂದಲ್ಲ, ರಿಪೇರಿಯಲ್ಲಿ ಯಾವ ಯಾವ ಭಾಗವನ್ನು ಬಿಚ್ಚಲಾಗಿತ್ತು ಎಂಬ ಪ್ರಶ್ನೆಯಿಂದ ಶುರುವಾಗಬೇಕು.

ಸ್ಪೋರ್ಟ್ಸ್ ಕಾರಿನಲ್ಲಿ ಈ ಎಚ್ಚರ ಹೆಚ್ಚು ಬೇಕು. ಅಗಲವಾದ ಟೈರು, ಗಟ್ಟಿ ಬುಶ್, ಕಾರ್ಖಾನೆಯಿಂದಲೇ ಹೆಚ್ಚಾಗಿ ಕೊಟ್ಟಿರುವ ನೆಗೆಟಿವ್ ಕ್ಯಾಂಬರ್ (ಚಕ್ರದ ಮೇಲ್ಭಾಗ ಒಳಕ್ಕೆ ವಾಲಿರುವ ಕೋನ), ಇವೆಲ್ಲವೂ ಸಣ್ಣ ತಪ್ಪನ್ನು ದೊಡ್ಡದಾಗಿ ತೋರಿಸುತ್ತವೆ. ಒಂದು ಚಕ್ರದ ಟೋ (ಮೇಲಿನಿಂದ ನೋಡಿದಾಗ ಚಕ್ರ ಒಳಕ್ಕೋ ಹೊರಕ್ಕೋ ತಿರುಗಿರುವ ಕೋನ) ಕೇವಲ 0.25 ಡಿಗ್ರಿಯಷ್ಟು ತಪ್ಪಿದ್ದರೂ ಆ ಟೈರು ಪ್ರತಿ ಕಿಲೋಮೀಟರಿಗೆ ಸುಮಾರು 4.4 ಮೀಟರಿನಷ್ಟು ಅಡ್ಡಡ್ಡ ಉಜ್ಜಿಕೊಂಡು ಸಾಗುತ್ತದೆ ಎಂಬುದನ್ನು ಲೆಕ್ಕ ಹಾಕಿ ನೋಡಿದರೆ, ಒಳಅಂಚು ಅಷ್ಟು ಬೇಗ ಬೋಳಾಗುವುದರಲ್ಲಿ ಆಶ್ಚರ್ಯವಿಲ್ಲ.

ಲಕ್ಷಣಗಳನ್ನು ಬೇರ್ಪಡಿಸಿಕೊಳ್ಳುವುದು

"ಅಲೈನ್‌ಮೆಂಟ್ ಸರಿಯಿಲ್ಲ" ಎಂಬ ಒಂದೇ ದೂರಿನಲ್ಲಿ ನಾಲ್ಕೈದು ಬೇರೆ ಬೇರೆ ದೋಷಗಳು ಅಡಗಿರುತ್ತವೆ. ಸ್ಟೀರಿಂಗನ್ನು ಹಗುರವಾಗಿ ಹಿಡಿದಾಗ ಕಾರು ತಾನಾಗಿ ಒಂದು ಬದಿಗೆ ಸರಿದರೆ ಅದು ಎಳೆತ. ಸ್ಟೀರಿಂಗ್ ಓರೆಯಾಗಿದ್ದರೂ ಕಾರು ನೇರವಾಗಿಯೇ ಹೋಗುತ್ತಿದ್ದರೆ ಅದು ಎಳೆತವಲ್ಲ. ಸ್ಟೀರಿಂಗಿನ ಚಲನೆಯನ್ನು ಚಕ್ರಕ್ಕೆ ಮುಟ್ಟಿಸುವ ಮುಂದಿನ ಟೈ ರಾಡ್‌ಗಳನ್ನು ಅಸಮವಾಗಿ ಹೊಂದಿಸಿರುವುದು ಅಥವಾ ಹಿಂಚಕ್ರಗಳ ದಿಕ್ಕು ತಪ್ಪಿರುವುದು ಅದರ ಕಾರಣ. ತಿರುವು ಮುಗಿಸಿದ ಮೇಲೂ ಕಾರು ತಿರುಗಿದ ಕಡೆಗೇ ವಾಲುತ್ತಿದ್ದು, ಬಲ ತಿರುವಿನ ನಂತರ ಬಲಕ್ಕೆ, ಎಡ ತಿರುವಿನ ನಂತರ ಎಡಕ್ಕೆ ಹೋಗುತ್ತಿದ್ದರೆ, ಸ್ಟ್ರಟ್‌ನ (ಸ್ಪ್ರಿಂಗ್ ಮತ್ತು ಶಾಕ್ ಅಬ್ಸಾರ್ಬರ್ ಸೇರಿದ ಕಂಬ) ಮೇಲಿನ ಬೇರಿಂಗ್, ಬಾಲ್ ಜಾಯಿಂಟ್ (ಗೋಳಾಕಾರದ ಕೀಲು) ಅಥವಾ ಸ್ಟೀರಿಂಗ್ ಕಾಲಂನ ಜಾಯಿಂಟ್ ಬಿಗಿಯಾಗಿ ಕಚ್ಚಿಕೊಂಡಿರುವ ಸಾಧ್ಯತೆ ಹೆಚ್ಚು. ಇಂಥ ಕಾರನ್ನು ಎಷ್ಟು ಸಲ ಅಲೈನ್‌ಮೆಂಟ್‌ಗೆ ಏರಿಸಿದರೂ ಪ್ರಯೋಜನವಿಲ್ಲ.

ಬ್ರೇಕ್ ಒತ್ತಿದಾಗ ಮಾತ್ರ ಎಳೆದರೆ ಕ್ಯಾಲಿಪರ್ (ಬ್ರೇಕ್ ಡಿಸ್ಕನ್ನು ಅದುಮಿ ಹಿಡಿಯುವ ಭಾಗ) ಮತ್ತು ಲೋವರ್ ಆರ್ಮ್ ಬುಶ್‌ಗಳನ್ನು ನೋಡಬೇಕು. ಆಕ್ಸಿಲರೇಟರ್ ಒತ್ತಿದಾಗೊಂದು ಕಡೆ, ಬಿಟ್ಟಾಗ ಇನ್ನೊಂದು ಕಡೆ ಸರಿಯುವ ಹಿಂಚಕ್ರ ಚಾಲನೆಯ ಕಾರಿನಲ್ಲಿ ಹಿಂದಿನ ಟೋ ಲಿಂಕ್ ಅಥವಾ ಅದರ ಬುಶ್ ಸಡಿಲವಿರಬಹುದು. ಉಬ್ಬುತಗ್ಗು ದಾಟುವಾಗ ಮೂತಿ ಅತ್ತಿತ್ತ ಹಾರಿದರೆ, ಸಸ್ಪೆನ್ಷನ್ ಮೇಲೆ ಕೆಳಗೆ ಆಡುವಾಗ ಟೋ ಬದಲಾಗುತ್ತಿದೆ ಎಂದರ್ಥ. ಸ್ಟೀರಿಂಗ್ ರ್‍ಯಾಕ್ (ಟೈ ರಾಡ್‌ಗಳನ್ನು ಎಡಬಲಕ್ಕೆ ಸರಿಸುವ ಹಲ್ಲುಪಟ್ಟಿ) ಎರಡೂ ಬದಿ ಒಂದೇ ಎತ್ತರದಲ್ಲಿ ಕುಳಿತಿದೆಯೇ, ಟೈ ರಾಡ್ ತುದಿ ತನ್ನ ಸ್ಥಾನದಲ್ಲಿದೆಯೇ, ಕಾರನ್ನು ಮಿತಿಮೀರಿ ತಗ್ಗಿಸಲಾಗಿದೆಯೇ ಎಂದು ಪರೀಕ್ಷಿಸಬೇಕು. ಇನ್ನು ಸ್ಟೀರಿಂಗಿನಲ್ಲಿ ನಡುಕ ಮಾತ್ರ ಇದ್ದರೆ ಅದು ಅಲೈನ್‌ಮೆಂಟಿನ ವಿಷಯವೇ ಅಲ್ಲ: ಬ್ಯಾಲೆನ್ಸಿಂಗ್, ಬಾಗಿದ ರಿಮ್, ಅಥವಾ ಹಬ್ (ಚಕ್ರವನ್ನು ಕೂರಿಸುವ ನಡುಭಾಗ) ಮತ್ತು ಡಿಸ್ಕ್ ನಡುವೆ ಉಳಿದುಹೋದ ತುಕ್ಕು ಅದಕ್ಕೆ ಕಾರಣವಾಗಿರುತ್ತದೆ.

ನೀರು ಹರಿದುಹೋಗಲೆಂದು ರಸ್ತೆಯ ಮೇಲ್ಮೈಯನ್ನು ಅಂಚಿನ ಕಡೆಗೆ ಇಳಿಜಾರಾಗಿ ಕಟ್ಟಿರುತ್ತಾರೆ. ಎಲ್ಲ ಕಾರುಗಳೂ ಆ ಇಳಿಜಾರಿನ ಕಡೆಗೆ ಸ್ವಲ್ಪ ಸರಿಯುತ್ತವೆ. ಪರೀಕ್ಷೆಯನ್ನು ಸಾಧ್ಯವಾದಷ್ಟು ಸಮತಟ್ಟಾದ, ವಾಹನಗಳಿಲ್ಲದ ಜಾಗದಲ್ಲಿ, ಎರಡೂ ದಿಕ್ಕಿಗೆ ಓಡಿಸಿ ಮಾಡಬೇಕು.

ಯಂತ್ರಕ್ಕೆ ಏರಿಸುವ ಮೊದಲು

ಟೈರುಗಳು ತಣ್ಣಗಿರುವಾಗ ಗಾಳಿಯ ಒತ್ತಡವನ್ನು ಕಾರಿನ ಮೇಲಿನ ಚೀಟಿಯಲ್ಲಿರುವ ಅಂಕಿಗೆ ಹೊಂದಿಸಿ. ನಂತರ ಮುಂದಿನ ಎಡ ಮತ್ತು ಬಲ ಚಕ್ರಗಳನ್ನು ಅದಲುಬದಲು ಮಾಡಿ ಓಡಿಸಿ ನೋಡಿ: ಎಳೆತ ಎದುರು ದಿಕ್ಕಿಗೆ ತಿರುಗಿದರೆ ತಪ್ಪು ಟೈರಿನದು, ಅಲೈನ್‌ಮೆಂಟಿನದಲ್ಲ. ಒಂದೇ ದಿಕ್ಕಿಗೆ ಉರುಳಬೇಕೆಂದು ಬಾಣದ ಗುರುತಿರುವ ಟೈರುಗಳಾದರೆ ಅವನ್ನು ರಿಮ್‌ನಿಂದ ಕಳಚಿ ಮರಳಿ ಕೂರಿಸಬೇಕಾಗುತ್ತದೆ. ಮುಂದೆ ಹಿಂದೆ ಬೇರೆ ಬೇರೆ ಅಳತೆಯ ಟೈರುಗಳಿರುವ ಕಾರಿನಲ್ಲಿ ಹಿಂದಿನವನ್ನು ಮುಂದಕ್ಕೆ ತಂದು ಪರೀಕ್ಷಿಸುವ ಮಾರ್ಗ ಇರುವುದಿಲ್ಲ.

ಸ್ವಲ್ಪ ದೂರ ಬ್ರೇಕ್ ಬಳಸದೆ ಓಡಿಸಿ ನಿಲ್ಲಿಸಿ, ನಾಲ್ಕೂ ರಿಮ್‌ಗಳ ಬಳಿ ಕೈ ಒಡ್ಡಿ ಬಿಸಿಯನ್ನು ಹೋಲಿಸಿ. ಡಿಸ್ಕನ್ನು ಮಾತ್ರ ಮುಟ್ಟಬೇಡಿ. ಒಂದು ಕಡೆ ಸ್ಪಷ್ಟವಾಗಿ ಹೆಚ್ಚು ಬಿಸಿಯಿದ್ದರೆ ಕ್ಯಾಲಿಪರ್ ಬಿಡದೆ ಹಿಡಿದಿದೆ. ಆಮೇಲೆ ಸಮನೆಲದ ಮೇಲೆ ನಿಲ್ಲಿಸಿ, ಪ್ರತಿ ಹಬ್‌ನ ನಡುಬಿಂದುವಿನಿಂದ ಮೇಲಿನ ಫೆಂಡರ್ ಅಂಚಿನವರೆಗೆ ಅಳೆದು ಎಡಬಲವನ್ನು ಹೋಲಿಸಬೇಕು. ಕಾರಿನ ಎತ್ತರ ಬದಲಾದರೆ ಕ್ಯಾಂಬರ್ ಮತ್ತು ಟೋ ಎರಡೂ ಬದಲಾಗುವುದರಿಂದ, ಎತ್ತರ ತಪ್ಪಿರುವ ಕಾರಿನಲ್ಲಿ ಕೋನಗಳನ್ನು ಹೊಂದಿಸುವುದು ವ್ಯರ್ಥ ಶ್ರಮ. ಸ್ಪ್ರಿಂಗ್ ತನ್ನ ಕುಳಿಯಲ್ಲಿ ಸರಿಯಾಗಿ ಕೂರದಿದ್ದರೂ, ಎಡಬಲದ ಸ್ಪ್ರಿಂಗ್‌ಗಳು ಅದಲುಬದಲಾಗಿದ್ದರೂ ಎತ್ತರ ಹೀಗೆ ತಪ್ಪುತ್ತದೆ.

ಕೊನೆಗೆ ಕಾರನ್ನು ಎತ್ತಿ, ಗಟ್ಟಿಯಾದ ಸ್ಟ್ಯಾಂಡ್‌ಗಳ ಮೇಲೆ ಕೂರಿಸಿ, ಪ್ರತಿ ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿ, ಆಮೇಲೆ ಎಡಬಲ ಹಿಡಿದು ಅಲ್ಲಾಡಿಸಿ ನೋಡಬೇಕು. ಬಾಲ್ ಜಾಯಿಂಟ್, ಹಬ್ ಬೇರಿಂಗ್ ಅಥವಾ ಟೈ ರಾಡ್ ತುದಿಯಲ್ಲಿ ಆಟವಿದ್ದರೆ, ಯಂತ್ರ ತೋರಿಸುವ ಯಾವ ಅಂಕಿಯೂ ರಸ್ತೆಯಲ್ಲಿ ನಿಲ್ಲುವುದಿಲ್ಲ.

ರಿಪೇರಿಯಲ್ಲಿ ಏನೇನು ಬಿಚ್ಚಲಾಗಿತ್ತು

ನನ್ನ ದೃಷ್ಟಿಯಲ್ಲಿ ಇಡೀ ಹುಡುಕಾಟದ ತಿರುಳು ಇಲ್ಲಿದೆ. ರಿಪೇರಿ ಮಾಡಿದವರಿಂದ ಬಿಚ್ಚಿದ ಮತ್ತು ಬದಲಿಸಿದ ಭಾಗಗಳ ಪಟ್ಟಿಯನ್ನು ಸಂಕೋಚವಿಲ್ಲದೆ ಕೇಳಿ ಪಡೆಯಬೇಕು. ಪಟ್ಟಿಯ ಪ್ರತಿಯೊಂದು ಭಾಗವೂ ಯಾವುದೋ ಒಂದು ಕೋನಕ್ಕೆ ಹೊಣೆಯಾಗಿರುತ್ತದೆ.

ಲೋವರ್ ಆರ್ಮ್ ಅಥವಾ ಅದರ ರಬ್ಬರ್ ಬುಶ್ ಬದಲಿಸಿದ್ದರೆ, ಅದರ ಬೋಲ್ಟನ್ನು ಚಕ್ರ ನೇತಾಡುತ್ತಿದ್ದಾಗ ಬಿಗಿಗೊಳಿಸಿದರೇ ಅಥವಾ ಕಾರಿನ ಭಾರ ಚಕ್ರದ ಮೇಲೆ ಬಿದ್ದ ನಂತರ ಬಿಗಿಗೊಳಿಸಿದರೇ ಎಂಬುದು ಮೊದಲ ಪ್ರಶ್ನೆ. ರಬ್ಬರ್ ಬುಶ್‌ನ ಒಳಗಿನ ಲೋಹದ ಕೊಳವೆಯನ್ನು ಬೋಲ್ಟ್ ಬಿಗಿಯಾಗಿ ಹಿಡಿದುಬಿಡುವುದರಿಂದ, ಆರ್ಮ್ ಆಡುವುದು ರಬ್ಬರಿನ ತಿರುಚುವಿಕೆಯಿಂದ ಮಾತ್ರ. ನೇತಾಡುವ ಸ್ಥಿತಿಯಲ್ಲಿ ಬಿಗಿಗೊಳಿಸಿದರೆ, ಕಾರನ್ನು ಇಳಿಸಿದ ಕ್ಷಣದಿಂದಲೇ ರಬ್ಬರ್ ತಿರುಚಿಕೊಂಡು ಆ ಮೂಲೆಯನ್ನು ಮೇಲಕ್ಕೆ ಎತ್ತಿ ಹಿಡಿಯುತ್ತದೆ, ಎತ್ತರ ಅಸಮವಾಗುತ್ತದೆ, ಬುಶ್ ಬೇಗ ಹರಿಯುತ್ತದೆ. ಇದಕ್ಕೆ ಪರಿಹಾರ ಸರಳ: ಆ ಬೋಲ್ಟ್‌ಗಳನ್ನು ಸಡಿಲಿಸಿ, ಕಾರನ್ನು ತನ್ನ ಸಹಜ ಎತ್ತರಕ್ಕೆ ಕೂರಿಸಿ, ತಯಾರಕರು ಹೇಳಿದ ಟಾರ್ಕ್‌ಗೆ (ಬಿಗಿತದ ಅಳತೆಗೆ) ಮತ್ತೆ ಬಿಗಿಗೊಳಿಸುವುದು. ಒಮ್ಮೆ ಮಾತ್ರ ಬಳಸಬೇಕಾದ ಬೋಲ್ಟ್‌ಗಳಾಗಿದ್ದರೆ ಹೊಸವನ್ನು ಹಾಕಬೇಕು. ರಬ್ಬರಿನ ಬದಲು ಗೋಳಾಕಾರದ ಲೋಹದ ಬೇರಿಂಗ್ ಬಳಸಿರುವ ಟ್ರ್ಯಾಕ್ ಕಾರುಗಳಲ್ಲಿ ಈ ತೊಂದರೆ ಬರುವುದಿಲ್ಲ.

ಎಂಜಿನ್, ಗೇರ್‌ಬಾಕ್ಸ್ ಅಥವಾ ಸ್ಟೀರಿಂಗ್ ರ್‍ಯಾಕ್ ಕೆಲಸಕ್ಕಾಗಿ ಸಬ್‌ಫ್ರೇಮ್ ಇಳಿಸಿದ್ದರೆ, ಅದನ್ನು ಮರಳಿ ಏರಿಸುವಾಗ ಕೆಲವು ಮಿಲಿಮೀಟರ್ ಪಕ್ಕಕ್ಕೆ ಜರುಗಿರಬಹುದು. ಸಬ್‌ಫ್ರೇಮ್ ಬಲಕ್ಕೆ ಸರಿದರೆ ಬಲ ಚಕ್ರದ ತಳ ಹೊರಕ್ಕೆ ಹೋಗಿ ಅಲ್ಲಿ ಕ್ಯಾಂಬರ್ ಹೆಚ್ಚು ನೆಗೆಟಿವ್ ಆಗುತ್ತದೆ, ಎಡ ಚಕ್ರದಲ್ಲಿ ಬಹುತೇಕ ಅಷ್ಟೇ ಪ್ರಮಾಣದಲ್ಲಿ ಪಾಸಿಟಿವ್ ಕಡೆಗೆ ಸಾಗುತ್ತದೆ, ಕಾರು ಎಡಕ್ಕೆ ಎಳೆಯುತ್ತದೆ. ಎರಡು ಬದಿಯ ತಪ್ಪುಗಳು ಹೀಗೆ ಸಮವಾಗಿ, ವಿರುದ್ಧವಾಗಿ ಕಂಡರೆ ಕ್ಯಾಂಬರ್ ಅಡ್ಜಸ್ಟರ್‌ಗಳನ್ನು ಮುಟ್ಟಲೇಬಾರದು. ಸಬ್‌ಫ್ರೇಮ್ ಬೋಲ್ಟ್‌ಗಳನ್ನು ಸಡಿಲಿಸಿ, ಕಾರ್ಖಾನೆ ಕೊಟ್ಟಿರುವ ಗುರಿರಂಧ್ರಗಳಿಗೆ ಪಿನ್ ಹಾಕಿ ಅದನ್ನು ಸ್ಥಾನಕ್ಕೆ ತರಬೇಕು.

ಸ್ಟ್ರಟ್ ಬದಲಿಸಿದ್ದರೆ, ಸ್ಟ್ರಟ್ ಮತ್ತು ನಕಲ್ (ಹಬ್ಬನ್ನು ಹಿಡಿದಿರುವ ಲೋಹದ ಗೆಣ್ಣು) ಸೇರುವ ಬೋಲ್ಟ್‌ಗಳ ರಂಧ್ರದಲ್ಲಿರುವ ಅಲ್ಪ ಸಡಿಲವೇ ಎಡಬಲದ ಕ್ಯಾಂಬರ್ ಬೇರೆಯಾಗಲು ಸಾಕಾಗುತ್ತದೆ. ಬಿಗಿಗೊಳಿಸುವಾಗ ಎರಡೂ ಬದಿಯಲ್ಲಿ ಚಕ್ರವನ್ನು ಒಂದೇ ದಿಕ್ಕಿಗೆ, ಒಳಕ್ಕಾದರೆ ಎರಡನ್ನೂ ಒಳಕ್ಕೆ, ಒತ್ತಿ ಹಿಡಿದಿರಬೇಕು. ಟೈ ರಾಡ್ ತುದಿ ಬದಲಿಸುವಾಗ ಸ್ಕ್ರೂವಿನ ಎಳೆಗಳನ್ನು ಎಣಿಸಿ ಹಾಕಿದರೆ ಕಾರನ್ನು ಅಲೈನ್‌ಮೆಂಟ್ ಜಾಗದವರೆಗೆ ಓಡಿಸಬಹುದು, ಅದಕ್ಕಿಂತ ಹೆಚ್ಚಿನ ನಿಖರತೆ ಅದರಲ್ಲಿಲ್ಲ.

ಹೊಂದಾಣಿಕೆಯ ವ್ಯವಸ್ಥೆ ಕಾರಿನಿಂದ ಕಾರಿಗೆ ಬೇರೆ. ಮಾಜ್ಡಾ ಎಂಎಕ್ಸ್-5 ಕಾರಿನ ಆರ್ಮ್‌ಗಳಲ್ಲಿ, ತಿರುಗಿಸಿದಾಗ ಆರ್ಮ್ ಸರಿಯುವ ಕ್ಯಾಮ್ ಬೋಲ್ಟ್‌ಗಳಿವೆ. ಪೋರ್ಷೆ 911 ಜಿಟಿ3 ಕಾರಿನ ಲೋವರ್ ಆರ್ಮ್‌ಗಳಲ್ಲಿ ಶಿಮ್‌ಗಳಿಂದ (ನಡುವೆ ಇಡುವ ತೆಳು ಲೋಹದ ಬಿಲ್ಲೆಗಳು) ಕ್ಯಾಂಬರ್ ಬದಲಿಸುತ್ತಾರೆ. ಲೋಟಸ್ ಎಲೀಸ್ ಕೂಡ ಶಿಮ್‌ಗಳನ್ನೇ ಬಳಸುತ್ತದೆ. ಶಿಮ್ ಇರುವ ಕಾರಿನಲ್ಲಿ ಬಿಚ್ಚಿದ ಶಿಮ್‌ಗಳು ಅಷ್ಟೇ ಸಂಖ್ಯೆಯಲ್ಲಿ, ಅದೇ ಬದಿಗೆ ಮರಳಿವೆಯೇ ಎಂದು ನೋಡಬೇಕು. ಕ್ಯಾಮ್ ಬೋಲ್ಟ್ ಇರುವಲ್ಲಿ ಬಿಗಿಗೊಳಿಸಿದ ಮೇಲೆ ಬಣ್ಣದ ಗೆರೆ ಎಳೆದಿಟ್ಟರೆ ಮುಂದೆ ಅದು ಜಾರಿದೆಯೇ ಎಂಬುದು ಒಂದೇ ನೋಟಕ್ಕೆ ತಿಳಿಯುತ್ತದೆ.

ವರದಿಯನ್ನು ಓದುವುದು

ಹೊಂದಿಸುವ ಮೊದಲಿನ ಅಂಕಿಗಳ ಮುದ್ರಿತ ಪ್ರತಿಯನ್ನು ತಪ್ಪದೆ ಪಡೆಯಿರಿ. ಹೊಂದಿಸಿದ ನಂತರದ ಪ್ರತಿಗಿಂತ ಅದರ ಬೆಲೆ ಹೆಚ್ಚು, ಏಕೆಂದರೆ ದೋಷದ ಗುರುತು ಉಳಿದಿರುವುದು ಅದರಲ್ಲಿ ಮಾತ್ರ.

ಕಾರು ಸಾಮಾನ್ಯವಾಗಿ ಕ್ಯಾಂಬರ್ ಹೆಚ್ಚು ಪಾಸಿಟಿವ್ ಇರುವ ಕಡೆಗೆ, ಹಾಗೆಯೇ ಪಾಸಿಟಿವ್ ಕ್ಯಾಸ್ಟರ್ (ಸ್ಟೀರಿಂಗ್ ತಿರುಗಿಸಿದಾಗ ಚಕ್ರ ತಿರುಗುವ ಅಕ್ಷ ಹಿಂದಕ್ಕೆ ವಾಲಿರುವ ಕೋನ) ಕಡಿಮೆ ಇರುವ ಕಡೆಗೆ ಎಳೆಯುತ್ತದೆ. ಎಡಬಲದ ವ್ಯತ್ಯಾಸ ಅರ್ಧ ಡಿಗ್ರಿಯನ್ನು ಮೀರಿದರೆ ಅದನ್ನು ಅನುಮಾನಿಸಲೇಬೇಕು. ಎರಡೂ ಅಂಕಿಗಳು ಪ್ರತ್ಯೇಕವಾಗಿ ಮಿತಿಯೊಳಗಿದ್ದರೂ ಒಂದು ಕೆಳಅಂಚಿನಲ್ಲಿ, ಇನ್ನೊಂದು ಮೇಲಂಚಿನಲ್ಲಿ ಇದ್ದಾಗ ವರದಿ ಹಸಿರಾಗಿಯೂ ಕಾರು ಎಳೆಯುತ್ತದೆ. ಮುಂದಿನ ಟೋ ತಪ್ಪಿದರೆ ಟೈರು ಸವೆಯುತ್ತದೆ, ಕಾರು ಅಲೆದಾಡುತ್ತದೆ, ಆದರೆ ಒಂದೇ ಕಡೆಗೆ ಬಿಡದೆ ಎಳೆಯುವುದು ಅಪರೂಪ.

ಹಿಂಚಕ್ರಗಳು ಒಟ್ಟಾಗಿ ತೋರುವ ದಿಕ್ಕು ಥ್ರಸ್ಟ್ ಕೋನ. ಅವೆರಡೂ ತುಸು ಎಡಕ್ಕೆ ತಿರುಗಿದ್ದರೆ ಕಾರಿನ ಮೂತಿ ಬಲಕ್ಕೆ ಹೋಗಲು ನೋಡುತ್ತದೆ, ನೇರ ಹೋಗಬೇಕಾದರೆ ಸ್ಟೀರಿಂಗನ್ನು ಎಡಕ್ಕೆ ಹಿಡಿದಿರಬೇಕಾಗುತ್ತದೆ. ಓರೆಯಾದ ಸ್ಟೀರಿಂಗನ್ನು ಬಿಚ್ಚಿ ನೇರ ಕೂರಿಸುವುದು ಇದಕ್ಕೆ ಪರಿಹಾರವಲ್ಲ. ಹಾಗೆ ಮಾಡಿದರೆ ರ್‍ಯಾಕ್‌ನ ನಡುಬಿಂದು ತಪ್ಪಿ, ಸ್ಟೀರಿಂಗ್ ಎರಡೂ ಕಡೆಗೆ ಸಮವಾಗಿ ತಿರುಗದಂತಾಗುತ್ತದೆ.

ಬಾಗಿದ ಭಾಗವನ್ನು ಹಿಡಿಯಲು ಸ್ಟೀರಿಂಗ್ ಅಕ್ಷ ಒಳಕ್ಕೆ ವಾಲಿರುವ ಕೋನ ಬಹಳ ನೆರವಾಗುತ್ತದೆ. ವರದಿಯಲ್ಲಿ ಇದು ಎಸ್‌ಎಐ ಎಂದಿರುತ್ತದೆ. ಇದಕ್ಕೆ ಕ್ಯಾಂಬರ್ ಕೂಡಿಸಿದರೆ ಬರುವುದು ಇನ್‌ಕ್ಲೂಡೆಡ್ ಆಂಗಲ್, ಅದು ನಕಲ್‌ನ ಆಕಾರಕ್ಕೆ ಸಂಬಂಧಿಸಿದ್ದು. ಎಸ್‌ಎಐ ಸರಿಯಿದ್ದು ಕ್ಯಾಂಬರ್ ಮಾತ್ರ ತಪ್ಪಿದ್ದರೆ ನಕಲ್ ಅಥವಾ ಸ್ಟ್ರಟ್ ಬಾಗಿದೆ. ಇನ್‌ಕ್ಲೂಡೆಡ್ ಆಂಗಲ್ ಸರಿಯಿದ್ದು ಎಸ್‌ಎಐ ಮತ್ತು ಕ್ಯಾಂಬರ್ ಎರಡೂ ವಿರುದ್ಧ ದಿಕ್ಕಿಗೆ ಬದಲಾಗಿದ್ದರೆ ನಕಲ್ ಚೆನ್ನಾಗಿದೆ; ಲೋವರ್ ಆರ್ಮ್, ಸಬ್‌ಫ್ರೇಮ್ ಅಥವಾ ಸ್ಟ್ರಟ್ ಟವರ್ (ಸ್ಟ್ರಟ್‌ನ ಮೇಲ್ತುದಿ ಕೂರುವ ಬಾಡಿಯ ಭಾಗ) ತನ್ನ ಜಾಗದಲ್ಲಿಲ್ಲ. ಅಪಘಾತದ ಕಾರಿನಲ್ಲಿ ಈ ಎರಡು ಅಂಕಿಗಳನ್ನು ನೋಡದೆ ಕ್ಯಾಂಬರ್ ಹೊಂದಿಸುವುದನ್ನು ನಾನು ಒಪ್ಪುವುದಿಲ್ಲ, ಬಾಗಿದ ನಕಲ್ ಯಾವ ಕ್ಷಣದಲ್ಲಾದರೂ ಜೀವಕ್ಕೆ ಅಪಾಯ ತರಬಲ್ಲದು.

ಹೊಂದಿಸುವಾಗ

ಕಾರ್ಯದ ಕ್ರಮ ಹಿಂದಿನಿಂದ ಮುಂದಕ್ಕೆ: ಮೊದಲು ಹಿಂದಿನ ಕ್ಯಾಂಬರ್ ಮತ್ತು ಟೋ, ಆಮೇಲೆ ಮುಂದಿನ ಕ್ಯಾಸ್ಟರ್, ಕ್ಯಾಂಬರ್, ಎಲ್ಲಕ್ಕಿಂತ ಕೊನೆಗೆ ಮುಂದಿನ ಟೋ. ಕ್ಯಾಂಬರ್ ಬದಲಿಸಿದರೆ ಟೋ ಕೂಡ ಬದಲಾಗುವುದರಿಂದ ಈ ಕ್ರಮವನ್ನು ತಿರುವುಮುರುವು ಮಾಡುವಂತಿಲ್ಲ. ಚಕ್ರಗಳು ಸುಲಭವಾಗಿ ಜಾರುವ ತಟ್ಟೆಗಳ ಮೇಲಿರಬೇಕು, ತಟ್ಟೆಗಳ ಲಾಕ್ ಪಿನ್ ತೆಗೆದಿರಬೇಕು, ಅಳೆಯುವ ಮೊದಲು ಕಾರನ್ನು ಒತ್ತಿ ಕುಲುಕಿ ಸಸ್ಪೆನ್ಷನ್ ತನ್ನ ನೆಲೆಗೆ ಕೂರುವಂತೆ ಮಾಡಬೇಕು. ಬಿಎಂಡಬ್ಲ್ಯುದಂಥ ತಯಾರಕರು ಸೀಟುಗಳ ಮೇಲೆ ನಿಗದಿತ ತೂಕ ಇಟ್ಟು, ಇಂಧನದ ಟ್ಯಾಂಕ್ ತುಂಬಿಸಿ ಅಳೆಯಬೇಕೆಂದು ಹೇಳುತ್ತಾರೆ. ಅಂಥ ಕಾರಿನಲ್ಲಿ ಖಾಲಿ ಸೀಟಿನೊಂದಿಗೆ ತೆಗೆದ ಅಳತೆಯನ್ನು ತಯಾರಕರ ಅಂಕಿಗಳಿಗೆ ಹೋಲಿಸುವುದರಲ್ಲಿ ಅರ್ಥವಿಲ್ಲ.

ಹೊಂದಾಣಿಕೆ ಮುಗಿದ ಮೇಲೆ ಸ್ಟೀರಿಂಗ್ ಆಂಗಲ್ ಸೆನ್ಸರ್‌ಗೆ ಹೊಸ ಶೂನ್ಯಬಿಂದುವನ್ನು ಸ್ಕ್ಯಾನ್ ಟೂಲ್ ಮೂಲಕ ತಿಳಿಸಬೇಕು. ಇಲ್ಲದಿದ್ದರೆ ಎಲೆಕ್ಟ್ರಿಕ್ ಸ್ಟೀರಿಂಗ್ ಮತ್ತು ಸ್ಟೆಬಿಲಿಟಿ ವ್ಯವಸ್ಥೆ ತಪ್ಪು ಮಾಹಿತಿಯ ಮೇಲೆ ಕೆಲಸ ಮಾಡಿ, ಯಾಂತ್ರಿಕವಾಗಿ ಸರಿಯಿರುವ ಕಾರೂ ಒಂದು ಬದಿಗೆ ಒತ್ತಿದಂತೆ ಅನಿಸಬಹುದು. ಸ್ಟೀರಿಂಗಿನೊಂದಿಗೆ ಹಿಂಚಕ್ರಗಳೂ ದಿಕ್ಕು ಬದಲಿಸುವ ಕಾರುಗಳಲ್ಲಿ ಅವುಗಳ ಮೋಟಾರನ್ನು ಮಧ್ಯಕ್ಕೆ ತಂದ ನಂತರವೇ ಹಿಂದಿನ ಟೋ ಅಳೆಯಬೇಕು. ಥ್ರಸ್ಟ್ ಕೋನ ಬದಲಾಗಿದ್ದರೆ, ಮುಂದಿನ ಕ್ಯಾಮೆರಾ ಮತ್ತು ರೇಡಾರ್‌ಗಳಿಗೂ ಮರುಹೊಂದಾಣಿಕೆ ಬೇಕಾಗಬಹುದು.

ವರದಿಯ ಬಗ್ಗೆ ಸಂಶಯವಿದ್ದರೆ ದಾರ ಕಟ್ಟಿ ಸ್ವತಃ ಟೋ ನೋಡಬಹುದು. ಕಾರಿನ ಎರಡೂ ಬದಿಗೆ, ಹಬ್‌ಗಳ ಮಧ್ಯದ ಎತ್ತರದಲ್ಲಿ, ಒಂದಕ್ಕೊಂದು ಸಮಾನಾಂತರವಾಗಿ ದಾರ ಎಳೆದು, ರಿಮ್‌ನ ಮುಂದಿನ ಮತ್ತು ಹಿಂದಿನ ಅಂಚಿನಿಂದ ದಾರಕ್ಕಿರುವ ಅಂತರವನ್ನು ಅಳೆಯಬೇಕು. ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಣ ಅಗಲ ಬೇರೆಯಾಗಿರುವ ಕಾರಿನಲ್ಲಿ ಹಬ್‌ನಿಂದ ದಾರದ ಅಂತರ ಮುಂದೊಂದು, ಹಿಂದೊಂದು ಇರುತ್ತದೆ. ಎಡಬಲ ಮಾತ್ರ ಸಮವಾಗಿರಬೇಕು. ಅಳೆಯುವ ಬಿಂದುಗಳು 460 ಮಿಲಿಮೀಟರ್ ದೂರವಿದ್ದರೆ 0.1 ಡಿಗ್ರಿ ಟೋ ಎಂದರೆ ಸುಮಾರು 0.8 ಮಿಲಿಮೀಟರ್ ವ್ಯತ್ಯಾಸ, ಆದ್ದರಿಂದ ಉಕ್ಕಿನ ಸಣ್ಣ ಅಳತೆಪಟ್ಟಿಯನ್ನೇ ಬಳಸಿ, ಪ್ರತಿ ಅಳತೆಯನ್ನೂ ಎರಡು ಸಲ ತೆಗೆದುಕೊಳ್ಳಬೇಕು.

ಕೆಲವು ನೂರು ಕಿಲೋಮೀಟರ್ ಓಡಿದ ನಂತರ ಬಣ್ಣದ ಗೆರೆಗಳನ್ನು, ಸಬ್‌ಫ್ರೇಮ್ ಮತ್ತು ಆರ್ಮ್ ಬೋಲ್ಟ್‌ಗಳನ್ನು ಮತ್ತೊಮ್ಮೆ ಪರೀಕ್ಷಿಸಿ. ಟೈರಿನ ಮೇಲ್ಮೈಯನ್ನು ಅಡ್ಡಲಾಗಿ, ಒಳಗಿನಿಂದ ಹೊರಕ್ಕೆ ಮತ್ತು ಹೊರಗಿನಿಂದ ಒಳಕ್ಕೆ, ಅಂಗೈಯಿಂದ ಸವರಿ ನೋಡಿ; ಒಂದು ದಿಕ್ಕಿಗೆ ನುಣುಪಾಗಿ, ಎದುರು ದಿಕ್ಕಿಗೆ ಗರಗಸದಂತೆ ತರಚಿದರೆ ಟೋ ಇನ್ನೂ ಸರಿಹೋಗಿಲ್ಲ, ಕಾರನ್ನು ಮತ್ತೆ ಅಳತೆಗೆ ಒಯ್ಯಬೇಕು.