ಏನು ಮಾಡಬೇಕೋ ತಿಳಿಯದಾಗ ನಾನು ಪ್ರಾರ್ಥನೆ ಮಾಡಿದ ರೀತಿ

ಕಷ್ಟ ಕುತ್ತಿಗೆಗೆ ಬಂದಾಗ ಪ್ರಾರ್ಥನೆಗೆ ಬಾಯೇ ಬರುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕಂದರೆ ನಮ್ಮ ಚರ್ಚಿನ ಸಭೆಯ ಎಷ್ಟೋ ಹೆಣ್ಣುಮಕ್ಕಳು "ನನಗೆ ಪ್ರಾರ್ಥನೆ ಮಾಡೋಕೆ ಬರಲ್ಲ ಅಕ್ಕ, ಕೂತರೆ ಅಳು ಬರುತ್ತೆ ಅಷ್ಟೇ" ಅಂತಾರೆ. ಬರಲಿ ಬಿಡಿ. ಅಳುವುದೂ ದೇವರ ಮುಂದೆಯೇ ಅಲ್ವಾ?

ನಮ್ಮದು ಸಿಂಧನೂರು ತಾಲ್ಲೂಕಿನ ಒಂದು ಹಳ್ಳಿ. ತುಂಗಭದ್ರಾ ಎಡದಂಡೆ ಕಾಲುವೆಯ ನೀರೇ ಗತಿ. ನನ್ನ ಗಂಡ ಲೀಜಿಗೆ ಹೊಲ ಮಾಡುತ್ತಾರೆ, ನಾನು ಮನೆಯಲ್ಲಿ ಬಟ್ಟೆ ಹೊಲಿಯುತ್ತೇನೆ. 2024ರ ಆಗಸ್ಟ್ 10ರ ರಾತ್ರಿ ಅಣೆಕಟ್ಟಿನ 19ನೇ ಕ್ರಸ್ಟ್ ಗೇಟಿನ ಚೈನ್ ತುಂಡಾಗಿ ಗೇಟೇ ಕೊಚ್ಚಿಹೋಯಿತು. ಆಗ ನಮ್ಮ ಭತ್ತ ನಾಟಿ ಆಗಿ ಇನ್ನೂ ಬೇರು ಹಿಡಿಯುತ್ತಿತ್ತು. ಗೊಬ್ಬರದ ಅಂಗಡಿಯಲ್ಲಿ ಸಾಲ, ಲೀಜಿನ ದುಡ್ಡು ಮುಂಗಡ ಕೊಟ್ಟಾಗಿತ್ತು, ನಾಟಿ ಹಚ್ಚಿದವರ ಕೂಲಿ ಅರ್ಧ ಬಾಕಿ. ತುಂಬಿದ ಡ್ಯಾಮಿನ ನೀರು ನೋಡನೋಡುತ್ತಲೇ ಹೊಳೆಗೆ ಹೋಗುತ್ತಿದೆ, ಗೇಟ್ ಕೂರಿಸಬೇಕಾದರೆ ಅರ್ಧಕ್ಕಿಂತ ಜಾಸ್ತಿ ಖಾಲಿ ಮಾಡಬೇಕಂತೆ ಅಂತ ಬೆಳಗಾಗುವಷ್ಟರಲ್ಲಿ ಊರೆಲ್ಲಾ ಸುದ್ದಿ. ನಮ್ಮದು ಕಾಲುವೆಯ ಕೆಳಭಾಗ. ನೀರು ಇದ್ದಾಗಲೇ ನಮ್ಮ ತನಕ ಬರುವುದು ಕಷ್ಟ, ಇನ್ನು ಇಲ್ಲದಾಗ?

ಏನೂ ಮಾಡೋಕಾಗದ ಕಷ್ಟ ಅಂದರೆ ಇದು. ಮಗುವಿಗೆ ಜ್ವರ ಬಂದರೆ ಆಸ್ಪತ್ರೆಗೆ ಓಡಬಹುದು. ಅಷ್ಟುದ್ದದ ಕಾಲುವೆಯ ಆ ತುದಿಯಲ್ಲಿ ಗೇಟ್ ಹೋದರೆ ಈ ತುದಿಯಲ್ಲಿ ಕೂತವರು ಏನು ಮಾಡಬೇಕು?

ಆ ಸಂಜೆ ನಾನು ಪ್ರಾರ್ಥನೆಗೆ ಕೂತಾಗ ಸ್ವಂತ ಮಾತು ಒಂದೂ ಹುಟ್ಟಲಿಲ್ಲ. ಸತ್ಯವೇದ, ಅಂದರೆ ಬೈಬಲ್ ತೆಗೆದು 13ನೇ ಕೀರ್ತನೆ ಜೋರಾಗಿ ಓದಿದೆ. ಆರೇ ವಚನ. ದೇವರೇ, ಇನ್ನೂ ಎಷ್ಟು ದಿನ ನನ್ನನ್ನು ಮರೆತಿರುತ್ತೀ ಅಂತ ನೇರವಾಗಿ ಕೇಳುವುದರಿಂದಲೇ ಅದು ಶುರುವಾಗುತ್ತದೆ. ಮನಸ್ಸಿನಲ್ಲಿ ಓದಬೇಡಿ, ಬಾಯಿಬಿಟ್ಟು ಓದಿ. ಮನಸ್ಸಿನಲ್ಲಿ ಓದಿದರೆ ಎರಡನೇ ಸಾಲಿಗೇ ಚಿಂತೆ ನುಗ್ಗಿ ಲೆಕ್ಕ ಹಾಕೋಕೆ ಶುರು ಮಾಡುತ್ತದೆ. ಜೋರಾಗಿ ಓದಿದರೆ ನಮ್ಮ ದನಿ ನಮ್ಮ ಕಿವಿಗೇ ಬೀಳುತ್ತದೆ, ಚಿಂತೆಗೆ ಅಷ್ಟು ಜಾಗ ಸಿಗುವುದಿಲ್ಲ.

ಸಭೆಗಳಲ್ಲಿ ಕೆಲವರು ಹೇಳುತ್ತಾರೆ, ಬರೀ ಜಯದ ಮಾತಾಡಬೇಕು, ದುಃಖದ ಮಾತು ಆಡಿದರೆ ನಂಬಿಕೆ ಕಡಿಮೆ ಅಂತ. ನಾನು ಒಪ್ಪುವುದಿಲ್ಲ. 150 ಕೀರ್ತನೆಗಳಲ್ಲಿ ಗೋಳಾಟದವು ಎಷ್ಟಿವೆ ನೋಡಿ. 88ನೆಯದು ಕತ್ತಲೆಯ ಮಾತಿನಲ್ಲೇ ಮುಗಿದುಹೋಗುತ್ತದೆ, ಕೊನೆಗೆ ಒಂದು ಸ್ತೋತ್ರವೂ ಇಲ್ಲ. ಯೇಸುಸ್ವಾಮಿ ಶಿಲುಬೆಯ ಮೇಲೆ ಕೂಗಿದ್ದು 22ನೇ ಕೀರ್ತನೆಯ ಮೊದಲ ಮಾತನ್ನೇ, ನನ್ನ ದೇವರೇ ಯಾಕೆ ಕೈಬಿಟ್ಟೆ ಅಂತ. ಸ್ವಾಮಿಯೇ ಹಾಗೆ ಕೇಳಿದ ಮೇಲೆ ಸಾಲದ ಚೀಟಿ ಹಿಡಿದುಕೊಂಡು ಕೂತ ನಾನು ಕೇಳಬಾರದಾ?

ಓದಿದ ಮೇಲೆ ನನ್ನ ಮಾತು. ಅದಕ್ಕೆ ನನಗೆ ಕೈಹಿಡಿದಿದ್ದು ರಾಜ ಯೆಹೋಷಾಫಾಟನ ಪ್ರಾರ್ಥನೆ. ಎರಡನೇ ಪೂರ್ವಕಾಲವೃತ್ತಾಂತದ 20ನೇ ಅಧ್ಯಾಯದಲ್ಲಿದೆ. ದೊಡ್ಡ ದಂಡು ಮೇಲೆ ಬರುತ್ತಿದೆ, ರಾಜ ಇಡೀ ಜನರ ಮುಂದೆ ನಿಂತು ಹೇಳುವುದು ಇಷ್ಟೇ: ಏನು ಮಾಡಬೇಕೋ ನಮಗೆ ತಿಳಿಯದು, ನಮ್ಮ ಕಣ್ಣು ನಿನ್ನ ಮೇಲಿದೆ. ರಾಜನಾದವನು ಗೊತ್ತಿಲ್ಲ ಅಂತ ಬಾಯಿಬಿಟ್ಟು ಹೇಳುವುದಿದೆಯಲ್ಲ, ಅದು ಸಣ್ಣ ಮಾತಲ್ಲ. ನಾನೂ ಅದನ್ನೇ ಹೇಳಿದೆ. "ಯೇಸಪ್ಪಾ, ನಮಗೇನೂ ತಿಳೀವಲ್ದು. ನಿನ್ನನ್ನೇ ನೋಡ್ತಾ ಕೂತೀವಿ." ಒಂದೊಂದು ದಿನ ಇದಷ್ಟೇ ಪ್ರಾರ್ಥನೆ, ಮುಂದಕ್ಕೆ ಹೋಗಲೇ ಇಲ್ಲ. ಮಾತು ನಿಂತರೆ ಸುಮ್ನೆ ಕೂತುಬಿಡುತ್ತಿದ್ದೆ. ಏನು ಬೇಡಬೇಕೋ ನಮಗೆ ಗೊತ್ತಿಲ್ಲದಾಗ ಪವಿತ್ರಾತ್ಮನೇ ನಮಗಾಗಿ ನರಳುತ್ತಾ ಬೇಡಿಕೊಳ್ಳುತ್ತಾನೆ ಅಂತ ಪೌಲ ರೋಮಾಪುರದವರಿಗೆ ಬರೆದಿದ್ದಾನೆ, 8ನೇ ಅಧ್ಯಾಯ 26ನೇ ವಚನ. ಆ ಧೈರ್ಯದ ಮೇಲೆ ಕೂತಿರುತ್ತಿದ್ದೆ.

ಹರಕೆ ಹೊರಲಿಲ್ಲ. ನೀರು ಬಂದರೆ ಇಷ್ಟು ಕೊಡುತ್ತೇನೆ, ಇಷ್ಟು ಉಪವಾಸ ಮಾಡುತ್ತೇನೆ ಅನ್ನುವ ವ್ಯಾಪಾರ ನನಗೆ ಸರಿ ಕಾಣುವುದಿಲ್ಲ. ಬೇಕಾದದ್ದನ್ನು ಮಾತ್ರ ಬಿಡಿಸಿ ಕೇಳಿದೆ: ಪೈರಿಗೆ ನೀರು ಬೇಕು, ಗೊಬ್ಬರದ ಅಂಗಡಿಯವರು ಸುಗ್ಗಿ ತನಕ ತಾಳಬೇಕು, ನನ್ನ ಗಂಡ ರಾತ್ರಿ ನಿದ್ದೆ ಮಾಡಬೇಕು. ಶಿಲುಬೆಗೆ ಹೋಗುವ ಹಿಂದಿನ ರಾತ್ರಿ ಗೆತ್ಸೇಮನೆ ತೋಟದಲ್ಲಿ ಸ್ವಾಮಿ ಮೊದಲು ಕೇಳಿದ್ದು ಈ ಪಾತ್ರೆ, ಅಂದರೆ ಈ ಸಂಕಟ, ನನ್ನನ್ನು ಬಿಟ್ಟು ಹೋಗಲಿ ಅಂತಲೇ. ನಿನ್ನ ಚಿತ್ತದಂತಾಗಲಿ ಅಂದಿದ್ದು ಆಮೇಲೆ. ನಾವು ಮೊದಲನೆಯದನ್ನು ನುಂಗಿಕೊಂಡು ಎರಡನೆಯದನ್ನಷ್ಟೇ ಹೇಳುತ್ತೇವೆ, ಅದಕ್ಕೇ ಎದೆ ಭಾರ ಇಳಿಯುವುದಿಲ್ಲ ಅಂತ ನನಗನ್ನಿಸುತ್ತದೆ.

ಆಮೇಲೆ ಹೆಸರುಗಳು. ಮಗಳ ಹಳೇ ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಬರೆದಿಟ್ಟುಕೊಂಡಿದ್ದೆ. ನಾಟಿ ಹಚ್ಚೋಕೆ ಬಂದ ಹೆಣ್ಣುಮಕ್ಕಳು, ಕೂಲಿ ಬಾಕಿ ಇರುವವರು. ಡ್ಯಾಮಿನ ಕೆಳಗೆ ಹೊಳೆ ದಂಡೆಯ ಕಂಪ್ಲಿ, ಗಂಗಾವತಿ ಕಡೆಯವರು, ನಮಗೆ ನೀರಿಲ್ಲದ ಭಯ ಆದರೆ ಅವರಿಗೆ ನೀರಿನದೇ ಭಯ. ಗೇಟಿನ ಕೆಲಸ ಹೊತ್ತುಕೊಂಡ ತಜ್ಞ ಕನ್ನಯ್ಯ ನಾಯ್ಡು, ಅವರ ಜೊತೆ ಆ ಹರಿಯುವ ನೀರಿನ ಮೇಲೆ ನಿಂತು ಸ್ಟಾಪ್‌ಲಾಗ್, ಅಂದರೆ ಗೇಟಿನ ಬದಲು ನೀರು ತಡೆಯುವ ಉಕ್ಕಿನ ತಡೆ, ಇಳಿಸುತ್ತಿದ್ದ ಕೂಲಿಕಾರರು. ಇವರನ್ನೆಲ್ಲ ಹೆಸರು ಹಿಡಿದು, ಹೆಸರು ಗೊತ್ತಿಲ್ಲದಿದ್ದರೆ "ಆ ಕ್ರೇನ್ ನಡೆಸೋ ಅಣ್ಣ" ಅಂತ, ಒಬ್ಬೊಬ್ಬರನ್ನೇ ದೇವರಿಗೆ ಒಪ್ಪಿಸಿದೆ. ನನ್ನ ಹೊಲ ಒಂದನ್ನೇ ಹಿಡಿದು ಕೂತಿದ್ದ ಮನಸ್ಸು ಅಲ್ಲಿಂದ ಸ್ವಲ್ಪ ಸಡಿಲವಾಯಿತು.

ಮೊಬೈಲಿನಲ್ಲಿ ಡ್ಯಾಮಿನ ವಿಡಿಯೋ ನೋಡುವುದನ್ನು ಬೆಳಗ್ಗೆ ಒಮ್ಮೆ, ಸಂಜೆ ಒಮ್ಮೆ ಅಂತ ಮಾಡಿಕೊಂಡೆ. ಇದೂ ಪ್ರಾರ್ಥನೆಯ ಭಾಗವೇ ಅಂತ ಹೇಳುತ್ತೇನೆ.

ಇನ್ನೊಂದು ನಮ್ಮ ಅತ್ತೆ ಕಲಿಸಿದ್ದು. ನಾನು ಊಟ ಬಿಟ್ಟು ಕೂತಿದ್ದು ನೋಡಿ ಅವರು ತಟ್ಟೆಯಲ್ಲಿ ಎರಡು ಜೋಳದ ರೊಟ್ಟಿ, ಪುಂಡಿಪಲ್ಯ ಹಾಕಿಕೊಂಡು ಬಂದು ನನ್ನ ಮುಂದೇ ಇಟ್ಟರು. "ಎಲೀಯಗ ದೇವದೂತ ಮೊದ್ಲು ರೊಟ್ಟಿ ಕೊಟ್ಟ, ಬೋಧನೆ ಮಾಡ್ಲಿಲ್ಲವ್ವಾ. ಉಂಡು ಮಕ್ಕೋ" ಅಂದರು. ನಿಜ, ಒಂದನೇ ಅರಸುಗಳು 19ರಲ್ಲಿ ಹಾಗೇ ಇದೆ. ಸಾಯಬೇಕು ಅಂತ ಮರದ ಕೆಳಗೆ ಬಿದ್ದಿದ್ದ ಪ್ರವಾದಿ ಎಲೀಯನಿಗೆ ಎರಡು ಸಲ ಎಬ್ಬಿಸಿ ಉಣ್ಣಿಸಿದ ಮೇಲೆಯೇ ದೇವರು ಮಾತಾಡಿದ್ದು. ಓದು ಬಾರದ ಅತ್ತೆ ಇದನ್ನು ಪ್ರಸಂಗದಲ್ಲಿ ಕೇಳಿ ನೆನಪಿಟ್ಟುಕೊಂಡಿದ್ದರು. ಹಸಿದು ನಿದ್ದೆಗೆಟ್ಟವರಿಗೆ ನಾನೂ ಈಗ ಮೊದಲು ಉಣ್ಣು ಅಂತಲೇ ಹೇಳುತ್ತೇನೆ.

ವಾರದೊಳಗೆ ಗೇಟಿನ ಜಾಗಕ್ಕೆ ಸ್ಟಾಪ್‌ಲಾಗ್ ಕೂತು ನೀರು ನಿಂತಿತು, ಮಳೆಯೂ ಬಂದು ಡ್ಯಾಮ್ ಮತ್ತೆ ತುಂಬಿತು. ನಮಗೆ ಭತ್ತ ಬಂತು. ನನ್ನ ಪ್ರಾರ್ಥನೆಯಿಂದ ಗೇಟ್ ಕೂತಿತು ಅಂತ ನಾನು ಸಾಕ್ಷಿ ಹೇಳುವುದಿಲ್ಲ. ಜೀವ ಒತ್ತೆ ಇಟ್ಟು ಕೆಲಸ ಮಾಡಿದವರಿದ್ದಾರೆ, ಅವರ ಬೆವರು ಅದು, ಅವರನ್ನು ಕೊಟ್ಟಿದ್ದಕ್ಕೆ ದೇವರಿಗೆ ಸ್ತೋತ್ರ. ಪೈರು ಒಣಗಿದ್ದರೂ ಹೀಗೇ ಬರೆಯುತ್ತಿದ್ದೆನಾ ಅಂತ ಒಬ್ಬ ತಂಗಿ ಕೇಳಿದಳು. ಕಷ್ಟದ ಪ್ರಶ್ನೆಯೇ. ಪ್ರವಾದಿ ಹಬಕ್ಕೂಕನ ಪುಸ್ತಕದ 3ನೇ ಅಧ್ಯಾಯದ ಕೊನೆಯಲ್ಲಿ ಹೊಲಗದ್ದೆ ಬೆಳೆ ಕೊಡದಿದ್ದರೂ, ಕೊಟ್ಟಿಗೆಯಲ್ಲಿ ದನ ಇಲ್ಲದಿದ್ದರೂ ಯೆಹೋವನಲ್ಲಿ ಉಲ್ಲಾಸಿಸುವೆನು ಅನ್ನುವ ಮಾತಿದೆ. ಆ ದಿನಗಳಲ್ಲಿ ಅದನ್ನು ಓದಿದೆ, ನಾಲಿಗೆ ತಡವರಿಸಿತು, ಆದರೂ ಓದಿದೆ. ಅವಳಿಗೂ ಅಷ್ಟೇ ಹೇಳಿದೆ.

ಜಾನ್ ಹ್ಯಾಂಡ್ಸ್ ಅನ್ನುವ ಮಿಷನರಿ 1810ರಲ್ಲಿ ಪಕ್ಕದ ಬಳ್ಳಾರಿಗೆ ಬಂದು, ಕನ್ನಡ ಕಲಿತು, ವರ್ಷಗಟ್ಟಲೆ ಕೂತು ಸತ್ಯವೇದವನ್ನು ಕನ್ನಡಕ್ಕೆ ತಂದರು. ದುಃಖವನ್ನು ನಮ್ಮ ಭಾಷೆಯಲ್ಲೇ ದೇವರಿಗೆ ಹೇಳೋಕೆ ನಮ್ಮ ಸೀಮೆಯಲ್ಲೇ ದಾರಿ ಆಯಿತಲ್ಲ ಅಂತ ನೆನೆದಾಗೆಲ್ಲ ನನಗೆ ಸಂತೋಷ.

ಈಗ ನಮ್ಮ ಓಣಿಯಲ್ಲಿ ನಾವು ಕೆಲವು ಹೆಣ್ಣುಮಕ್ಕಳು ಬುಧವಾರ ಸಂಜೆ ಸೇರುತ್ತೇವೆ. ಒಬ್ಬರು ಕೀರ್ತನೆ ಓದುತ್ತಾರೆ, ಉಳಿದವರು ಹೆಸರು ಹೇಳುತ್ತಾರೆ, ಅಳುವವರು ಅಳುತ್ತಾರೆ. ಹೊಸದಾಗಿ ಬಂದವರಿಗೆ ಮಾತಾಡು ಅಂತ ಯಾರೂ ಒತ್ತಾಯ ಮಾಡುವುದಿಲ್ಲ. ನಿಮಗೆ ಇವತ್ತೇ ಶುರು ಮಾಡಬೇಕು ಅನ್ನಿಸಿದರೆ 13ನೇ ಕೀರ್ತನೆ ತೆಗೆಯಿರಿ, ಜೋರಾಗಿ ಓದಿ, ನಿಮಗಿಂತ ಕಷ್ಟದಲ್ಲಿರುವ ಒಬ್ಬರ ಹೆಸರು ಹೇಳಿ, ಆಮೆನ್ ಅನ್ನಿ. ನಾಳೆ ಮತ್ತೆ ಅದನ್ನೇ ಓದಿದರೂ ಪರವಾಗಿಲ್ಲ.